ಕಾಣದ ಹೊಲಿಗೆ

ನವೆಂಬರ್ ೨೩, ಭಾನುವಾರ

ಮೈಯೆಲ್ಲ ಉರಿಯುತ್ತಿದೆ. ಚಳಿಗಾಲಕ್ಕೆ ಕೋಸಿನ ಕಿಮ್ಚಿ ಉಪ್ಪಿನಕಾಯಿ ಹಾಕಲು ನೆಂಟರೆಲ್ಲ ಬಂದಿದ್ದರು. ಅಪ್ಪ ಅಂಗಿ ಎತ್ತಿ ಹೊಟ್ಟೆಯ ಉದ್ದನೆಯ ಹೊಲಿಗೆ ತೋರಿಸಿದರು. ಎಲ್ಲರೂ ಅಯ್ಯೋ ಪಾಪ ಅಂದರು. ಅದರೊಳಗಿರುವುದು ನನ್ನ ಲಿವರಿನ ದೊಡ್ಡ ಪಾಲು. ಕೊಟ್ಟು ತಿಂಗಳಾಗಿದೆ, ಅಷ್ಟೆ.

ಉಪ್ಪಲ್ಲಿ ನೆನೆದ ಕೋಸಿನ ಟಬ್ಬು ಎತ್ತಲಾರೆ ಅಂದೆ. ಸೋದರತ್ತೆ ನಕ್ಕರು.

"ನಿಂಗೇನಾಗಿದ್ಯೇ? ನಿನ್ ಆಪರೇಷನ್ನಲ್ಲಿ ರೋಬೋಟು ನಾಲ್ಕು ತೂತು ಹಾಕ್ತು, ಅಷ್ಟೇ ತಾನೆ? ನಾಳೆ ಗಂಡಿನ ಕಡೆಯೋರಿಗೂ ಗೊತ್ತಾಗಲ್ಲ. ಎತ್ತು!"

ಅಣ್ಣ ಡೊಂಗ್‌ಹ್ಯೊಕ್ ಹಂದಿಮಾಂಸ ಜಗಿಯುತ್ತ ಕೂತೇ ಇದ್ದ. ಅಪ್ಪನಾದರೂ ಬೇಡ ಅನ್ನುತ್ತಾರೆ ಅಂದುಕೊಂಡೆ.

"ನನ್ ಮಗಳು ಗಟ್ಟಿಗಿತ್ತಿ, ಎತ್ತುತ್ತಾಳೆ ಬಿಡು," ಅಂದರು.

ಎತ್ತಿದೆ. ಈಗ ಪಕ್ಕಕ್ಕೆ ಹೊರಳಲೂ ಆಗುತ್ತಿಲ್ಲ. ನನ್ನನ್ನೂ ಉದ್ದಕ್ಕೆ ಕೊಯ್ಯಿರಿ ಅಂತ ಡಾಕ್ಟರಿಗೆ ಹೇಳಬೇಕಿತ್ತು.