ಬಿಸಿನೀರಿನ ಬುಗ್ಗೆಯಲ್ಲಿ ಅಜ್ಜಿಯ ಚೊಂಬು

ಅಮೆರಿಕದ ಪ್ಲೇನ್ಸ್‌ಬರೋ ಸಂಸ್ಥಾನದ ಹರಳೆಣ್ಣೆ ಚಕ್ರವರ್ತಿನಿ, ಚೊಂಬು-ಬಕೆಟ್ಟುಗಳ ಏಕೈಕ ಅಧಿದೇವತೆ, ಸ್ವರ್ಗಸ್ಥರಾದ ದೇವಮ್ಮಜ್ಜಿಯವರ ದಿವ್ಯ ಸನ್ನಿಧಾನಕ್ಕೆ, ಮೊಮ್ಮಗ ನೀರಜನ ಸಾಷ್ಟಾಂಗ ವರದಿ.

ನಾನೂ ತಂಗಿ ಕಿಯಾರಾಳೂ ಕೋಸ್ಟಾ ರೀಕಾದ ಜ್ವಾಲಾಮುಖಿಯ ಊರಿಗೆ ಹೋಗಿ ನಿನ್ನೆ ಮನೆಗೆ ಬಂದೆವು. ನಾಲ್ಕು ದಿನವೂ ಮಳೆ. ಬೆಟ್ಟ ಮೋಡದ ಮುಸುಕು ತೆಗೆಯಲೇ ಇಲ್ಲ. ಮರದಲ್ಲಿ ತಲೆಕೆಳಗಾಗಿ ನಿದ್ದೆ ಹೊಡೆಯುತ್ತಿದ್ದ ಸ್ಲಾತ್ ಎಂಬ ಸೋಮಾರಿ ಪ್ರಾಣಿಯನ್ನು ಮಾತ್ರ ಕಂಡೆವು.

"ಲುಕ್ ಅಣ್ಣಾ, ಅಜ್ಜಿ ಇದ್ದಿದ್ರೆ ಇದನ್ನ ನೀರಜ ಅಂತಾನೇ ಕರೀತಿದ್ರು" ಎಂದಳು ಕಿಯಾರಾ.

ಆಮೇಲೆ ಬಿಸಿನೀರಿನ ಬುಗ್ಗೆಗೆ ಇಳಿದು, ಮನೆಯಿಂದ ಒಯ್ದಿದ್ದ, ತಾವು ಬಳಸುತ್ತಿದ್ದ ಹಿತ್ತಾಳೆ ಚೊಂಬಿನಲ್ಲಿ ತಲೆಗೆ ನೀರು ಹೊಯ್ದುಕೊಂಡೆ. ಸುತ್ತಲಿದ್ದವರು ನಕ್ಕರು. ನೆತ್ತಿ ಚುರ್ರೆಂದಿತು, ಆದರೂ ಕಿರುಚಲಿಲ್ಲ.

"ಸುಡ್ತಿಲ್ವೇನೋ? ಕಣ್ಣಲ್ಲಿ ನೀರು ಬರ್ತಿದೆ!" ಎಂದಳು ಕಿಯಾರಾ.

"ಇನ್ನೊಂದು ಚೊಂಬು ನೀನೇ ಹುಯ್ಯೇ" ಎಂದೆ.

ನನಗೆ ಒಂಬತ್ತು ವರ್ಷವಿದ್ದಾಗ, ಒಂದು ಭಾನುವಾರದ ಎಣ್ಣೆಸ್ನಾನದಲ್ಲಿ "ಅಯ್ಯೋ, ಸುಟ್ಟೋಯ್ತು" ಎಂದು ನಾನು ಕಿರುಚಿ ಬಚ್ಚಲಲ್ಲಿ ಹೊರಳಾಡಿದ್ದು ತಮಗೆ ನೆನಪಿರಬಹುದು. "ವಯಸ್ಸಾಯ್ತು ಕಣಪ್ಪ, ನನ್ನ ಕೈಗೆ ಬಿಸಿ ಗೊತ್ತಾಗ್ತಿಲ್ಲ" ಎಂದಿರಿ. ಆಮೇಲೆ ಕೊನೆಯವರೆಗೂ ನನ್ನ ತಲೆಗೆ ನೀರು ಹಾಕಲಿಲ್ಲ.

ಅಜ್ಜಿ, ಅವತ್ತು ನಿನ್ನ ನೀರು ಹದವಾಗಿಯೇ ಇತ್ತು. ನಾನು ತಮಾಷೆಗೆ ಕಿರುಚಿದ್ದೆ.