ಭಾವ ಸಾಗಿಸಿದ ಲ್ಯಾಪ್‌ಟಾಪ್

ಭಾವನವರಿಗೆ,

ಫೋನಿನಲ್ಲಾದರೆ ನಾಲಿಗೆ ಜಾರೀತೆಂದು ಈ ಪತ್ರ.

ಹಳೆಯದರಲ್ಲಿದ್ದುದನ್ನೆಲ್ಲ ಸಾಗಿಸಿಕೊಡಿ ಎಂದು ನಿಮ್ಮ ಕೈಗಿತ್ತಿದ್ದ ನನ್ನ ಹೊಸ ಲ್ಯಾಪ್‌ಟಾಪ್ ತಲುಪಿತು. ಕೀಲಿಗಳ ಸಂದಿಯಲ್ಲಿ ನಿಮ್ಮ ಬಿಸ್ಕತ್ತಿನ ಪುಡಿ, ಪರದೆಯ ಮೇಲೆ ಎಣ್ಣೆಬೆರಳಿನ ಗುರುತು. ಹೇಸಿಗೆಯಾಗಿ ಮೊದಲು ಒರೆಸಿದೆ.

“ಒಂದೂ ಬಿಡದೆ ಸಾಗಿಸಿದ್ದೀನಿ ಕಣಮ್ಮ, ಚಿಟಿಕೆ ಹೊಡೆಯೋದ್ರೊಳಗೆ!” ಎಂದಿರಿ. ಸಾಗಿಸಿದ್ದು ಹಳೆಯದರ ಪರದೆಯ ಮೇಲಿದ್ದ ಶಾರ್ಟ್‌ಕಟ್‌ಗಳನ್ನಷ್ಟೇ. ಒತ್ತಿದರೆ ಒಂದೂ ತೆರೆಯದು. ಮನೆ ಸಾಗಿಸಿ ಎಂದರೆ ಬಾಗಿಲ ನಾಮಫಲಕ ಕಿತ್ತು ತಂದವರು ಜಗತ್ತಿನಲ್ಲಿ ನೀವೊಬ್ಬರೇ. ನಕ್ಷೆ ಬಿಡಿಸುವ ತಂತ್ರಾಂಶವೂ, ಸೋಮವಾರ ನನ್ನ ಮೊದಲ ಗಿರಾಕಿಗೆ ತೋರಿಸಬೇಕಾದ ನಕ್ಷೆಗಳೂ ಹಳೆಯದರಲ್ಲೇ ಕೂತಿವೆ.

ಅದನ್ನು ಪೂರ್ತಿ ಅಳಿಸಿ ಇಸ್ಪೀಟಾಟಕ್ಕೆ ಇಟ್ಟುಕೊಳ್ಳುತ್ತೇನೆ ಎಂದಿದ್ದಿರಲ್ಲ, ದಯವಿಟ್ಟು ಬೇಡ. ಪತ್ರ ತಂದ ಡ್ರೈವರ್ ಕೈಗೆ ಹಾಗೇ ಕೊಟ್ಟುಬಿಡಿ. ಸರಿಮಾಡಲು ಹೋಗಲೇಬೇಡಿ.

ಅಕ್ಕನಿಗೆ ಹೇಳಿಲ್ಲ. ನಿಮ್ಮ ಬುದ್ಧಿಯನ್ನು ನಂಬುವವರು ಮನೆಯಲ್ಲಿ ಅವಳೊಬ್ಬಳಾದರೂ ಇರಲಿ.

ಇನ್ನೂ ಒರೆಸುತ್ತಿರುವ,
ನಿಮ್ಮ ನಾದಿನಿ