ಪಾಚಿ ಸೋಸಿದ ಸೀರೆ ತುಂಡು

ಅವ್ವಾ,

ರಾಮೇಶ್ವರದ ಹತ್ತಿರ ಕಡಲದಂಡೆಯಲ್ಲಿ ನನ್ನ ಕೆಲಸ ಶುರುವಾಯಿತು. ಸಮುದ್ರಸೌತೆ ಎಂಬ ಪ್ರಾಣಿಯ ಮರಿಗಳನ್ನು ಇಲ್ಲಿ ತೊಟ್ಟಿಯಲ್ಲಿ ಸಾಕುತ್ತಾರೆ. ಕಣ್ಣಿಲ್ಲ, ದನಿಯಿಲ್ಲ, ಹಸಿದರೂ ಅಳುವುದಿಲ್ಲ. ನೀನು ನನ್ನ ಕೂಸಿಗೆ ಗಂಜಿ ಸೋಸುವ ಹಾಗೆ, ನಾನು ಕಡಲಪಾಚಿ ಅರೆದು ಸೋಸಿ ಅವಕ್ಕೆ ಹಾಕುತ್ತೇನೆ. ನಿನ್ನೆ ಸೋಸುವ ಅರಿವೆ ಹರಿಯಿತು. ಮರಿಗಳು ಉಪವಾಸ ಬೀಳುತ್ತವೆಂಬ ಗಡಿಬಿಡಿಯಲ್ಲಿ, ಕೂಸನ್ನು ಸುತ್ತುತ್ತಿದ್ದ ನಿನ್ನ ಸೀರೆ ತುಂಡನ್ನೇ ಸೋಸಲು ಹಿಡಿದುಬಿಟ್ಟೆ. "ನಿದ್ದಿ ಬರಲಿಲ್ಲಂದ್ರ ಇದನ್ನ ಮೂಸಿ ಮಲ್ಕೋ ಬೇ" ಅಂತ ನೀನು ಚೀಲದಲ್ಲಿ ಇಟ್ಟದ್ದು. ಹಾಗೆ ಮಾಡಬಾರದಿತ್ತು. ಈಗ ಎಷ್ಟು ಮೂಸಿದರೂ ಪಾಚಿಯದೇ ವಾಸನೆ, ಕಣ್ಣು ಮುಚ್ಚುತ್ತಿಲ್ಲ.

ಕೂಸಿನ ಕೆಮ್ಮು ಇಳಿಯಿತೇ? ನೆಲೋಗಿಯಿಂದ ಜೇವರ್ಗಿಗೆ ಹೋಗುವವರ ಕೈಯಲ್ಲಿ ಅವನು ತೊಟ್ಟು ಬಿಚ್ಚಿದ ಒಂದು ಅಂಗಿ ಕೊಟ್ಟು, ಪೋಸ್ಟ್ ಮಾಡಿಸು. ಒಗೆಯಬೇಡ.

ಮಹಾನಂದಾ